ಹನ್ನೆರಡು ಎಲೆ, ಎರಡು ಒಲೆ

ಪ್ರಶ್ನೆ: ಅಕ್ಕೋರೆ, ನಮ್ಮದು ಕಲಬುರಗಿ. ಮಗಳ ನಿಶ್ಚಯ ಆಗಿದೆ. ಮುಂದಿನ ಭಾನುವಾರ ಮೈಸೂರಿನಿಂದ ಬೀಗರು ಊಟಕ್ಕೆ ಬರುತ್ತಾರೆ. ಅವರು ಏಳು ಜನ. ನಾವು ಐದು: ನಾನು, ನಮ್ಮ ಮನೆಯವರು, ಅತ್ತೆ, ಮಗಳು, ಮಗ. ಬಾಳೆ ಎಲೆ ಹಾಕಿ ಭರ್ಜರಿ ಊಟ ಮನೆಯಲ್ಲೇ ಮಾಡಬೇಕೆಂದು ಆಸೆ. ಪೂರಿ, ಸಾಗು, ಉದ್ದಿನ ವಡೆ, ಮಿರ್ಚಿ ಭಜಿ, ಬಿಸಿಬೇಳೆಬಾತ್, ಪುಳಿಯೋಗರೆ, ಅವಿಯಲ್, ಎರಡು ಪಲ್ಯ, ಕೋಸಂಬರಿ, ಹೋಳಿಗೆ, ಪಾಯಸ, ಕೇಸರಿಬಾತ್, ಅನ್ನ, ಸಾಂಬಾರ್, ರಸಂ, ಹಪ್ಪಳ, ಮೊಸರನ್ನ, ಉಪ್ಪಿನಕಾಯಿ ಅಂತ ಹತ್ತೊಂಬತ್ತು ಬರೆದಿಟ್ಟಿದ್ದೇನೆ. ಮನೆಯಲ್ಲಿರುವುದು ಎರಡು ಒಲೆಯ ಗ್ಯಾಸ್, ಒಂದು ಐದು ಲೀಟರ್ ಕುಕ್ಕರ್. ಅಡುಗೆಗೆ ನಾನು, ಅತ್ತೆ ಇಬ್ಬರೇ. ಅತ್ತೆ ರೊಟ್ಟಿ, ಬದನೆಕಾಯಿ ಇಡು ಅಂತಾರೆ. ಅದು ದಿನದ ಊಟ ಆಯ್ತಲ್ಲ ಅನ್ನಿಸುತ್ತದೆ ನನಗೆ. ಇದೆಲ್ಲ ಮಧ್ಯಾಹ್ನ ಒಂದು ಗಂಟೆಗೆ ಎಲೆಗೆ ಬರುವುದು ಹೇಗೆ?

ಉತ್ತರ: ನಿಮ್ಮ ಪಟ್ಟಿ ಎರಡು ಸಲ ಓದಿದೆ. ಓದುವಾಗಲೇ ನನ್ನ ಸೊಂಟ ನೋಯತೊಡಗಿತು.

ಹತ್ತೊಂಬತ್ತು ಅನ್ನುವುದು ದೊಡ್ಡ ಸಂಖ್ಯೆ ಏನಲ್ಲ. ಉಪ್ಪು, ಉಪ್ಪಿನಕಾಯಿ ಎಲ್ಲ ಎಣಿಸಿದರೆ ಯಾವ ಮದುವೆಯ ಎಲೆಯೂ ಇಪ್ಪತ್ತು ದಾಟುತ್ತದೆ. ನೀವು ಎಣಿಸಬೇಕಾದ್ದು ಬೇರೆ. ಹನ್ನೆರಡರಿಂದ ಒಂದರವರೆಗೆ ಒಲೆ ಬೇಕು ಅನ್ನುವ ಪದಾರ್ಥ ಎಷ್ಟು? ನಿಮ್ಮ ಪಟ್ಟಿಯಲ್ಲಿ ಪೂರಿ, ವಡೆ, ಭಜಿ, ಹಪ್ಪಳ, ಹೋಳಿಗೆ, ಅನ್ನ, ಬಿಸಿಬೇಳೆಬಾತ್, ಕೇಸರಿಬಾತ್. ಎಂಟಾಯಿತು. ಅದರಲ್ಲಿ ನಾಲ್ಕಕ್ಕೆ ಎಣ್ಣೆ ಬಾಣಲೆ. ಒಲೆ ಎರಡೇ. ಬೀಗರು ಹಾಲ್‌ನಲ್ಲಿ ಕೂತಿರುತ್ತಾರೆ, ನೀವು ಬೆವರು ಒರೆಸಿಕೊಳ್ಳುತ್ತಾ ವಡೆ ತಟ್ಟುತ್ತಿರುತ್ತೀರಿ. ಅವರ ಮುಖ ನೋಡಲಿಕ್ಕೂ ಆಗುವುದಿಲ್ಲ.

ಹಾಗಾಗಿ ಕೊನೆಯ ಹೊತ್ತಿಗೆ ಎರಡೇ ದೊಡ್ಡ ಕೆಲಸ ಉಳಿಸಿಕೊಳ್ಳಿ: ಹೋಳಿಗೆ ಮತ್ತು ಅನ್ನ. ಉಳಿದದ್ದೆಲ್ಲ ಮೊದಲೇ ಆಗಿರಬೇಕು. ಆಗದಿದ್ದದ್ದು ಪಟ್ಟಿಯಿಂದ ಹೋಗಬೇಕು. ಪೂರಿ, ಸಾಗು, ವಡೆ, ಭಜಿ, ಬಿಸಿಬೇಳೆಬಾತ್, ಕೇಸರಿಬಾತ್, ಪಾಯಸ, ಅವಿಯಲ್ ತೆಗೆದುಬಿಡಿ. ಬಿಸಿಬೇಳೆಬಾತ್ ಬಗ್ಗೆ ಒಂದು ಮಾತು. ಮೈಸೂರಿನವರಿಗೆ ಮೈಸೂರಿನ ತಿಂಡಿಯನ್ನೇ ಬಡಿಸಿದರೆ ಅವರು ‘ನಮ್ಮ ಮನೆಯಲ್ಲಿ ಹೀಗೆ ಮಾಡಲ್ಲ’ ಅಂತ ಮನಸ್ಸಿನಲ್ಲೇ ತೂಗುತ್ತಾ ಕೂರುತ್ತಾರೆ. ನಮ್ಮ ಎಣ್ಣೆಗಾಯಿ ಬಡಿಸಿ, ತೂಗಲಿಕ್ಕೆ ಅವರ ಹತ್ತಿರ ಕಲ್ಲೇ ಇರುವುದಿಲ್ಲ. ನಿಮ್ಮ ಅತ್ತೆ ಹೇಳುತ್ತಿರುವುದು ಸರಿ.

ನನ್ನ ಪಟ್ಟಿ ಇದು. ಎಲೆಯ ಮೇಲ್ಭಾಗಕ್ಕೆ ಉಪ್ಪಿನಕಾಯಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಕೋಸಂಬರಿ, ಪುಂಡಿ ಪಲ್ಯ, ಬೀನ್ಸ್ ಪಲ್ಯ, ಎಣ್ಣೆಗಾಯಿ. ಜೊತೆಗೆ ಖಡಕ್ ರೊಟ್ಟಿ. ಆಮೇಲೆ ಹೋಳಿಗೆ, ಪುಳಿಯೋಗರೆ, ಹಪ್ಪಳ, ಅನ್ನ, ತೊವ್ವೆ, ಹುಳಿ, ಕಟ್ಟಿನ ಸಾರು, ಮೊಸರು. ಹದಿನೈದಾಯಿತು. ಎಲೆ ತುಂಬಿ ಕಾಣುತ್ತದೆ, ಅಲ್ವಾ?

ಈ ಊಟದ ಬೆನ್ನೆಲುಬು ತೊಗರಿ ಬೇಳೆ. ಹೋಳಿಗೆ, ಕಟ್ಟಿನ ಸಾರು, ತೊವ್ವೆ, ಹುಳಿ, ನಾಲ್ಕೂ ಅದರದ್ದೇ. ನಮ್ಮ ಕಡೆ ಹೋಳಿಗೆಗೆ ಕಡಲೆ ಬೇಳೆ ಜಾಸ್ತಿ. ಮೈಸೂರು ಕಡೆ ಒಬ್ಬಟ್ಟಿಗೆ ತೊಗರಿ ಬೇಳೆ ಹಾಕುವ ಮನೆಗಳು ಬಹಳ. ಈ ಸಲ ತೊಗರಿ ಬೇಳೆಯದ್ದೇ ಮಾಡಿ. ಅವರ ಒಬ್ಬಟ್ಟು, ನಮ್ಮ ಬೇಳೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿದೆ, ಬೀಗರು ಕೇಳಿದರೆ ಹೇಳಲಿಕ್ಕೆ ಮಾತಿಗೂ ಆಯಿತು. ನೆಹರು ಗಂಜ್ ಮಾರ್ಕೆಟ್‌ನಲ್ಲಿ ಈ ವರ್ಷದ ಬೇಳೆ ಕೊಡಿ ಅಂತ ಕೇಳಿ ತನ್ನಿ. ಹಳೆಯ ಬೇಳೆ ಎಷ್ಟು ಹೊತ್ತು ಕುದಿಸಿದರೂ ನಡು ಗಟ್ಟಿಯಾಗಿಯೇ ಇರುತ್ತದೆ.

ಇಲ್ಲಿ ನೀರಿನ ವಿಷಯ ಹೇಳಲೇಬೇಕು. ನಾವು ಹೊಸ ಮನೆಗೆ ಬಂದ ವರ್ಷ, ಹತ್ತು ಜನರನ್ನು ಊಟಕ್ಕೆ ಕರೆದಿದ್ದೆ. ಬೋರಿನ ನೀರು ಹಾಕಿ ಬೇಳೆ ಇಟ್ಟೆ. ಆರು ಸೀಟಿ ಆಯಿತು. ತೆಗೆದು ನೋಡಿದರೆ ಬೇಳೆ ಬೇಳೆಯಾಗಿಯೇ ಕೂತಿದೆ, ಕೆಳಗೆ ಕಲ್ಲು, ಮೇಲೆ ತಿಳಿನೀರು. ಮತ್ತೆ ಆರು ಸೀಟಿ. ಅದೇ ಕಥೆ. ಗಂಟೆ ಒಂದೂವರೆ. ಕೊನೆಗೆ ಅರ್ಧ ಬೆಂದದ್ದನ್ನು ಮಿಕ್ಸಿಗೆ ಹಾಕಿ ಸಾರು ಮಾಡಿ ಬಡಿಸಿದೆ. ಬಂದವರು ‘ಏನೋ ಹೊಸ ರುಚಿ’ ಅಂದರು. ಮರ್ಯಾದಸ್ಥರು.

ತಪ್ಪು ಬೇಳೆಯದಲ್ಲ, ನೀರಿನದು. ನಮ್ಮ ಜಿಲ್ಲೆಯಲ್ಲಿ ಬಹಳ ಕಡೆ ನೆಲದಡಿ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಅಂತ ಮನೆಗೆ ಹಾಸುತ್ತೇವಲ್ಲ, ಅದೇ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿಗಾಗಿ. ಅಂಥ ಕಡೆ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬೇಳೆಯನ್ನು ಅಂಟಿನಂತೆ ಹಿಡಿದಿಟ್ಟಿರುವ ಪೆಕ್ಟಿನ್ ಅಂತ ಒಂದಿದೆ. ಕುದಿಯುವಾಗ ಅದು ಕರಗಿದರೆ ಬೇಳೆ ಒಡೆಯುತ್ತದೆ. ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡರೆ ಕರಗುವುದಿಲ್ಲ. ನಿಮ್ಮ ಕುಕ್ಕರಿನ ಒಳಗೆ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮ ನೀರೂ ಅಂಥದ್ದೇ. ಬೇಳೆ ಬೇಯಿಸಲಿಕ್ಕೆ ಮಾತ್ರ ಆರ್‌ಒ ಫಿಲ್ಟರ್ ನೀರು ಬಳಸಿ. ಅದಿಲ್ಲದಿದ್ದರೆ ಹಿಂದಿನ ರಾತ್ರಿ ನೀರು ಚೆನ್ನಾಗಿ ಕುದಿಸಿ ಆರಲು ಬಿಡಿ, ಬೆಳಿಗ್ಗೆ ತಳ ಕಲಕದ ಹಾಗೆ ಮೇಲಿನದನ್ನು ಬಗ್ಗಿಸಿಕೊಳ್ಳಿ. ಸ್ವಲ್ಪ ಸುಣ್ಣ ತಳಕ್ಕೆ ಇಳಿದಿರುತ್ತದೆ. ಸೋಡಾ ಹಾಕಿದರೂ ಬೇಳೆ ಬೇಗ ಬೇಯುತ್ತದೆ, ಆದರೆ ಲೋಳೆ ಲೋಳೆ ಆಗುತ್ತದೆ. ಹೋಳಿಗೆಗಂತೂ ಬೇಡವೇ ಬೇಡ. ಇನ್ನೊಂದು: ಹುಳಿಯೂ ಬೇಳೆಯನ್ನು ಬೇಯಲು ಬಿಡುವುದಿಲ್ಲ. ಹುಣಸೆ, ಟೊಮೆಟೊ ಯಾವುದೂ ಬೇಳೆ ಪೂರ್ತಿ ಬೇಯುವ ಮೊದಲು ಪಾತ್ರೆಗೆ ಬೀಳಬಾರದು.

ಈಗ ಶನಿವಾರ ಸಂಜೆ. ಅರ್ಧ ಕಿಲೋ ಬೇಳೆ ತೊಳೆದು ದೊಡ್ಡ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರಿಗೆ ಹಾಕಿ, ತೆರೆದೇ ಬೇಯಿಸಿ. ಕುಕ್ಕರ್ ಬೇಡ. ಒಂದು ಚಮಚ ಎಣ್ಣೆ, ಚಿಟಿಕೆ ಅರಿಸಿನ ಹಾಕಿದರೆ ನೊರೆ ಉಕ್ಕುವುದಿಲ್ಲ. ಒಂದು ಕಾಳು ತೆಗೆದು ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಅಪ್ಪಚ್ಚಿ ಆಗಬೇಕು, ಆದರೆ ಪಾತ್ರೆಯೊಳಗೆ ಕಾಳಿನ ಆಕಾರ ಉಳಿದಿರಬೇಕು. ಅಲ್ಲಿಗೆ ನಿಲ್ಲಿಸಿ ಬಸಿಯಿರಿ. ಕಟ್ಟು ಒಂದು ಕಡೆ, ಬೇಳೆ ಒಂದು ಕಡೆ. ಬೇಳೆ ಅರ್ಧ ಗಂಟೆ ಜಾಲರಿಯಲ್ಲೇ ಇರಲಿ, ಅವಸರ ಬೇಡ. ಹೋಳಿಗೆ ಹರಿಯುವುದಕ್ಕೆ ಮುಕ್ಕಾಲು ಪಾಲು ಕಾರಣ ಬೇಳೆಯಲ್ಲಿ ಉಳಿದ ನೀರು.

ಬಸಿದ ಬೇಳೆಗೆ ಅರ್ಧ ಕಿಲೋ ಬೆಲ್ಲ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ. ಮೊದಲು ನೀರಾಗುತ್ತದೆ, ಗಾಬರಿ ಆಗಬೇಡಿ. ಆಮೇಲೆ ಲೊಚಲೊಚ ಅನ್ನುತ್ತಾ ಗಟ್ಟಿಯಾಗುತ್ತದೆ. ಸೌಟು ನಡುವೆ ನಿಲ್ಲಿಸಿ ಕೈ ಬಿಡಿ. ಬೀಳದೆ ನಿಂತರೆ ಹೂರಣ ಆಯಿತು. ಬಿಸಿ ಇರುವಾಗಲೇ ಏಲಕ್ಕಿ, ಚೂರು ಜಾಜಿಕಾಯಿ ಸೇರಿಸಿ ರುಬ್ಬಿ. ಆರಿದ ಮೇಲೆ ರುಬ್ಬಿದರೆ ಮಿಕ್ಸಿ ನೀರು ಕೇಳುತ್ತದೆ, ನೀವು ಹಾಕಿಯೇ ಹಾಕುತ್ತೀರಿ, ಅಲ್ಲಿಗೆ ಕೆಟ್ಟಿತು. ಇದರಲ್ಲಿ ನಿಂಬೆ ಗಾತ್ರದ ಇಪ್ಪತ್ತೈದು ಉಂಡೆ ಸಲೀಸಾಗಿ ಆಗುತ್ತವೆ. ತಲೆಗೆ ಎರಡು. ಮುಚ್ಚಿ ಫ್ರಿಜ್‌ನಲ್ಲಿಡಿ. ಬೇಸಿಗೆಯಾಗಿದ್ದರೆ ನಮ್ಮ ಊರಿನ ಸೆಖೆಗೆ ಹೊರಗಿಟ್ಟ ಹೂರಣ ಬೆಳಿಗ್ಗೆಗೆ ಹುಳಿ ವಾಸನೆ ಹೊಡೆಯುತ್ತದೆ.

ಕಟ್ಟಿನ ಸಾರನ್ನೂ ಅವತ್ತೇ ರಾತ್ರಿ ಮಾಡಿಬಿಡಿ. ಎರಡು ಚಮಚ ಹೂರಣ ಅದಕ್ಕೆ ಕರಗಿಸಿ. ಹುರಿದ ಒಣಕೊಬ್ಬರಿ, ಜೀರಿಗೆ, ಕೊತ್ತಂಬರಿ ಬೀಜ, ಚೂರು ಚಕ್ಕೆ, ಲವಂಗ ಅರೆದು ಹಾಕಿ. ಹುಣಸೆ ರಸ, ಮಸಾಲೆ ಖಾರ, ಉಪ್ಪು. ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ. ಈ ಸಾರು ಮಾಡಿದ ದಿನಕ್ಕಿಂತ ಮರುದಿನ ರುಚಿ. ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ.

ಶನಿವಾರ ಮುಗಿಸಬೇಕಾದ್ದು ಇನ್ನೂ ಇದೆ. ಪುಂಡಿ ಪಲ್ಯ. ಕಡಲೆ ಬೇಳೆ ಮತ್ತು ಒಂದು ಹಿಡಿ ಜೋಳದ ನುಚ್ಚನ್ನು ಬೇರೆಯಾಗಿ ಪೂರ್ತಿ ಬೇಯಿಸಿಕೊಂಡೇ ಪುಂಡಿ ಸೊಪ್ಪಿಗೆ ಸೇರಿಸಿ. ಸೊಪ್ಪೇ ಹುಳಿ, ಹಸಿ ಬೇಳೆಯನ್ನು ಅದರ ಜೊತೆ ಹಾಕಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಕೊಡಿ. ಬೀಗರಲ್ಲಿ ಯಾರಾದರೂ ಬೆಳ್ಳುಳ್ಳಿ ತಿನ್ನದವರು ಇದ್ದಾರಾ ಅಂತ ಮಗಳ ಕೈಯಲ್ಲಿ ಈಗಲೇ ಫೋನ್ ಮಾಡಿಸಿ ಕೇಳಿಕೊಳ್ಳಿ. ಇದ್ದರೆ ಅವರ ಪಾಲಿಗೆ ಇಂಗಿನ ಒಗ್ಗರಣೆ ಹಾಕಿ ಬೇರೆ ತೆಗೆದಿಡಿ. ಪುಳಿಯೋಗರೆ ಗೊಜ್ಜು ಶುಕ್ರವಾರವೇ ಆಗಲಿ. ಶೇಂಗಾ ಹಿಂಡಿ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಮಲಗುವ ಮೊದಲು ಎರಡು ಲೀಟರ್ ಹಾಲಿಗೆ ಹೆಪ್ಪು.

ರೊಟ್ಟಿ ಬಡಿಯುವ ಗೋಜಿಗೆ ಹೋಗಬೇಡಿ. ಬಿಸಿ ರೊಟ್ಟಿ ಎಷ್ಟು ಚೆಂದವೋ ಅಷ್ಟೇ ಒಲೆ ತಿನ್ನುತ್ತದೆ. ನಮ್ಮ ಊರಿನಲ್ಲಿ ರೊಟ್ಟಿ ಬಡಿದು ಮಾರುವ ಮನೆ ಇಲ್ಲದ ಓಣಿ ಇದೆಯಾ? ತೆಳ್ಳನೆಯ ಖಡಕ್ ರೊಟ್ಟಿ ಇಪ್ಪತ್ತು ತಂದಿಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಿಕ್ಕರೆ ಐದಾರು ಅದೂ ಇರಲಿ.

ಎಣ್ಣೆಗಾಯಿಗೆ ಬರೋಣ. ಇಡೀ ಊಟದಲ್ಲಿ ನಾನು ಜೀವ ಇಡುವುದು ಇದರ ಮೇಲೆ. ಕಣ್ಣಿ ಮಾರ್ಕೆಟ್‌ನಲ್ಲಿ ಶನಿವಾರ ಬೆಳಿಗ್ಗೆ ಬೇಗ ಹೋಗಿ. ನಿಂಬೆಗಿಂತ ಸ್ವಲ್ಪ ದೊಡ್ಡ, ದುಂಡನೆಯ ಬದನೆಕಾಯಿ ಇಪ್ಪತ್ತನಾಲ್ಕು, ಒಂದೇ ಅಳತೆಯವು ಆರಿಸಿ. ದೊಡ್ಡದು ಚಿಕ್ಕದು ಬೆರೆತರೆ ಒಂದು ಕರಗುತ್ತದೆ, ಇನ್ನೊಂದು ಕಚ್ಚಲು ಬರುವುದಿಲ್ಲ. ಕೈಯಲ್ಲಿ ಹಿಡಿದರೆ ಹಗುರ ಇರಬೇಕು. ಭಾರ ಇದ್ದರೆ ಒಳಗೆ ಬೀಜ ಬಲಿತಿದೆ ಅಂತ ಅರ್ಥ. ತೊಟ್ಟು ಕತ್ತರಿಸಬೇಡಿ, ಎಲೆಯ ಮೇಲೆ ಎತ್ತಿ ಹಿಡಿಯಲು ಅದೇ ಹಿಡಿಕೆ.

ಮಸಾಲೆ: ಶೇಂಗಾ 200 ಗ್ರಾಂ, ಎಳ್ಳು 50 ಗ್ರಾಂ, ಗುರೆಳ್ಳು (ಹುಚ್ಚೆಳ್ಳು) ಎರಡು ಚಮಚ, ಒಣಕೊಬ್ಬರಿ ಅರ್ಧ ಬಟ್ಟಲು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಶೇಂಗಾ ಸಣ್ಣ ಉರಿಯಲ್ಲಿ, ಉಜ್ಜಿದರೆ ಸಿಪ್ಪೆ ಬಿಡುವವರೆಗೆ. ಎಳ್ಳು ಚಟಪಟ ಅಂದ ಕೂಡಲೇ ಇಳಿಸಿ. ಗುರೆಳ್ಳು ಕಪ್ಪು, ಸೀದದ್ದು ಕಣ್ಣಿಗೆ ಕಾಣುವುದಿಲ್ಲ. ಮೂಗಿನಿಂದಲೇ ಹಿಡಿಯಬೇಕು, ಪರಿಮಳ ಬಂದ ಕ್ಷಣ ತೆಗೆಯಿರಿ. ತರಿತರಿಯಾಗಿ ಪುಡಿ ಮಾಡಿ. ನುಣ್ಣಗೆ ಮಾಡಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದಕ್ಕೆ ಮಸಾಲೆ ಖಾರ, ಅರಿಸಿನ, ಉಪ್ಪು, ಗಟ್ಟಿ ಹುಣಸೆ ರಸ, ಚೂರು ಬೆಲ್ಲ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಸೊಪ್ಪು. ಖಾರ ನಿಮ್ಮ ಅಳತೆಯ ಅರ್ಧ ಹಾಕಿ. ಬಣ್ಣ ಬೇಕಿದ್ದರೆ ಬ್ಯಾಡಗಿ ಪುಡಿ ಹಾಕಿ. ಮೈಸೂರಿನವರ ಕಣ್ಣಲ್ಲಿ ನೀರು ತರಿಸುವುದು ಮದುವೆಯಾದ ಮೇಲೆ ನೋಡಿಕೊಳ್ಳೋಣ.

ಪುಡಿ ಶನಿವಾರ, ತುಂಬುವುದು ಭಾನುವಾರ ಬೆಳಿಗ್ಗೆ. ಕಾಯಿಯ ಬುಡದಿಂದ ತೊಟ್ಟಿನ ಕಡೆಗೆ ನಾಲ್ಕು ಸೀಳು, ಪೂರ್ತಿ ಬೇರೆಯಾಗದ ಹಾಗೆ. ಸೀಳಿದ್ದು ಕೂಡಲೇ ಉಪ್ಪುನೀರಿಗೆ, ಇಲ್ಲದಿದ್ದರೆ ಕಪ್ಪಾಗುತ್ತದೆ. ಮಸಾಲೆ ತುಂಬಿ, ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಒಂದೇ ಪದರಕ್ಕೆ ಜೋಡಿಸಿ. ಕುಸುಬಿ ಎಣ್ಣೆ ಸಿಕ್ಕರೆ ಅದೇ ಆಗಲಿ, ನಮ್ಮ ಹಿರಿಯರ ಎಣ್ಣೆಗಾಯಿಯ ಪರಿಮಳ ಅದರದ್ದು. ಹೆಸರೇ ಎಣ್ಣೆಗಾಯಿ, ಕೈ ಹಿಡಿಯಬೇಡಿ. ಮೇಲೆ ಗುಂಡಿ ಇರುವ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿ. ಮೇಲಿನ ನೀರಿನ ತಂಪಿಗೆ ಒಳಗಿನ ಹಬೆ ಹನಿಯಾಗಿ ಕಾಯಿಯ ಮೇಲೇ ಬೀಳುತ್ತದೆ, ಮಸಾಲೆ ತಳ ಹಿಡಿಯುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ತೊಟ್ಟು ಹಿಡಿದು ಹೊರಳಿಸಿ. ಕಾಯಿ ಮೆತ್ತಗಾದ ಮೇಲೆ ಉಳಿದ ಮಸಾಲೆಗೆ ಆ ತಟ್ಟೆಯ ಬಿಸಿನೀರನ್ನೇ ಬೆರೆಸಿ ಸುರಿಯಿರಿ. ಅಂಚಿನಲ್ಲಿ ಕೆಂಪು ಎಣ್ಣೆ ತೇಲಿ ಬಂದಾಗ ಆರಿಸಿ. ಇದಕ್ಕೆ ಬಿಸಿಬಿಸಿ ಬಡಿಸಬೇಕೆಂಬ ಹಟ ಇಲ್ಲ. ಎರಡು ಗಂಟೆ ಕೂತರೆ ಮಸಾಲೆ ಇನ್ನೂ ಒಳಗೆ ಹಿಡಿಯುತ್ತದೆ.

ಭಾನುವಾರದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಏಳಕ್ಕೆ ಕುಕ್ಕರಿನಲ್ಲಿ 450 ಗ್ರಾಂ ತೊಗರಿ ಬೇಳೆ, ಈ ಸಲ ಪೂರ್ತಿ ಕರಗುವ ಹಾಗೆ. ಅರ್ಧ ತೊವ್ವೆಗೆ, ಅರ್ಧ ನುಗ್ಗೆಕಾಯಿ ಹುಳಿಗೆ. ಅದೇ ಹೊತ್ತಿಗೆ ಕಣಕ ಕಲಸಿ: ಮೈದಾ ಕಾಲು ಕಿಲೋ, ಚಿರೋಟಿ ರವೆ 100 ಗ್ರಾಂ, ಅರಿಸಿನ, ಚಿಟಿಕೆ ಉಪ್ಪು. ನಾದಿ ನಾದಿ ಕಿವಿಯ ಹಾಲೆಯಷ್ಟು ಮೆತ್ತಗೆ ಮಾಡಿ, ಮೇಲೆ ಎಣ್ಣೆ ಸುರಿದು ಎರಡು ಮೂರು ಗಂಟೆ ಬಿಡಿ. ಹೆಸರು ಬೇಳೆ ನೆನೆಹಾಕಿ. ಎಂಟೂವರೆಗೆ ಬೀನ್ಸ್ ಪಲ್ಯ. ಒಂಬತ್ತಕ್ಕೆ ಎಣ್ಣೆಗಾಯಿ ಒಂದು ಒಲೆಗೆ, ಹುಳಿ ಇನ್ನೊಂದಕ್ಕೆ. ಫ್ರಿಜ್‌ನಿಂದ ಹೂರಣ ಹೊರಗೆ ತೆಗೆಯಲು ಮರೆಯಬೇಡಿ. ತಣ್ಣಗಿನ ಹೂರಣ ಗಟ್ಟಿ, ಲಟ್ಟಿಸುವಾಗ ಕಣಕವನ್ನು ಸೀಳಿಕೊಂಡು ಹೊರಬರುತ್ತದೆ.

ಹತ್ತೂ ಮುಕ್ಕಾಲರಿಂದ ಒಂದು ಒಲೆ ಹೋಳಿಗೆಯ ತವೆಗೆ ಮೀಸಲು. ಒಂದಕ್ಕೆ ಎರಡೂವರೆ, ಮೂರು ನಿಮಿಷ ಹಿಡಿಯುತ್ತದೆ. ಇಪ್ಪತ್ತೈದಕ್ಕೆ ಗಂಟೆಯ ಮೇಲಾಯಿತು. ಅತ್ತೆಯವರು ಕೂತು ಲಟ್ಟಿಸಲಿ, ನೀವು ಬೇಯಿಸಿ. ಮೊದಲನೆಯ ಹೋಳಿಗೆ ಹರಿದರೆ ಸುಮ್ನೆ ಬಾಯಿಗೆ ಹಾಕಿಕೊಂಡು ಮುಂದೆ ಹೋಗಿ. ಮೊದಲನೆಯದು ಎಲ್ಲರದ್ದೂ ಹರಿಯುತ್ತದೆ.

ಇನ್ನೊಂದು ಒಲೆಯಲ್ಲಿ ಹನ್ನೊಂದೂಕಾಲಿಗೆ ಪುಳಿಯೋಗರೆಯ ಅನ್ನ, 400 ಗ್ರಾಂ ಅಕ್ಕಿ. ಪರಾತಕ್ಕೆ ಹರಡಿ ಆರಿಸಿ ಗೊಜ್ಜು ಕಲಸಿ. ಹನ್ನೊಂದೂ ಮುಕ್ಕಾಲಿಗೆ ಹಪ್ಪಳ ಕರಿದು ಬಿಗಿ ಡಬ್ಬಿಗೆ. ಹನ್ನೆರಡೂ ಕಾಲಿಗೆ ಸಾರು ಒಮ್ಮೆ ಕುದಿ ಬರಲಿ. ಆಮೇಲೆ ಊಟದ ಅನ್ನ, 600 ಗ್ರಾಂ ಅಕ್ಕಿ. ಒಂದು ಕಿಲೋ ಅಕ್ಕಿಯನ್ನು ಒಟ್ಟಿಗೇ ಐದು ಲೀಟರ್ ಕುಕ್ಕರಿಗೆ ಹಾಕಿದರೆ ಗಂಜಿ ಸೀಟಿಯಿಂದ ಚಿಮ್ಮುತ್ತದೆ, ಅದಕ್ಕೇ ಎರಡು ಕಂತು. ಹೋಳಿಗೆಯ ತವೆ ಇಳಿದ ಮೇಲೆ ಅಲ್ಲಿ ತೊವ್ವೆ, ಹುಳಿ ಬಿಸಿ ಮಾಡಿಕೊಳ್ಳಿ. ಕೋಸಂಬರಿಗೆ ಉಪ್ಪು ಎಲೆ ಹಾಕುವಾಗಲೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಬಾಳೆ ಎಲೆ ನಮ್ಮ ಕಡೆ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಮಾರ್ಕೆಟ್‌ನಲ್ಲಿ ಎರಡು ದಿನ ಮೊದಲೇ ಹೇಳಿಡಿ, ಹದಿನೈದು ತನ್ನಿ, ಎರಡು ಮೂರು ಹರಿದೇ ಹರಿಯುತ್ತವೆ. ಊಟಕ್ಕೆ ಕೂತವರ ಎಡಗೈ ಕಡೆಗೆ ಎಲೆಯ ಕುಡಿ ಬರಬೇಕು. ಮೈಸೂರಿನವರು ಇದನ್ನು ನೋಡಿಯೇ ನೋಡುತ್ತಾರೆ. ಹನ್ನೆರಡು ಎಲೆಯನ್ನೂ ಒಮ್ಮೆಗೇ ಹಾಕಬೇಡಿ. ಬೀಗರು ಏಳು, ಅತ್ತೆಯವರು, ಮಗಳು, ಒಟ್ಟು ಒಂಬತ್ತು. ನಿಮ್ಮ ಮನೆಯವರೂ ಮಗನೂ ಬಡಿಸಲಿ. ಮಾವನಾಗುವವರು ಕೈಯಾರೆ ತುಪ್ಪ ಬಡಿಸಿದರೆ ಅದರ ತೂಕವೇ ಬೇರೆ. ನೀವು ಅನ್ನ ಕೇಳುತ್ತಾ ಸಾಲಿನಲ್ಲಿ ಓಡಾಡಿ, ಅಡುಗೆಮನೆಯಲ್ಲಿ ನಿಲ್ಲಬೇಡಿ.

ಅವರ ಕಡೆ ಮೊದಲು ಅನ್ನ ತೊವ್ವೆ ಬರುತ್ತದೆ. ನೀವು ನಮ್ಮ ಪದ್ಧತಿಯಂತೆ ರೊಟ್ಟಿಯಿಂದಲೇ ಶುರು ಮಾಡಿ, ಆದರೆ ಮುರಿದು ಅರ್ಧರ್ಧ ಇಡಿ. ಇಡೀ ರೊಟ್ಟಿ ಇಟ್ಟರೆ ಬಿಡಬಾರದೆಂದು ತಿಂದು ಹೋಳಿಗೆ ಬರುವ ಹೊತ್ತಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೋಳಿಗೆಗೆ ತುಪ್ಪದ ಜೊತೆ ಬಿಸಿ ಹಾಲೂ ಇರಲಿ. ಮಾವಿನ ಕಾಲವಾದರೆ ಹಾಲಿನ ಬದಲು ಸೀಕರಣಿ, ಆಗ ನೀವು ಬಿಟ್ಟ ಪಾಯಸ ಯಾರಿಗೂ ನೆನಪಾಗುವುದಿಲ್ಲ.

ಉಳಿದ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಬೀಗರಿಗೆ ಕಟ್ಟಿಕೊಡಿ, ರೈಲಿನಲ್ಲಿ ಮೈಸೂರು ಮುಟ್ಟುವವರೆಗೂ ಕೆಡುವುದಿಲ್ಲ. ಹೋಳಿಗೆ ಕಟ್ಟುವುದಾದರೆ ಪೂರ್ತಿ ಆರಿದ ಮೇಲೆ, ಒಂದೊಂದರ ನಡುವೆ ಉಳಿದ ಬಾಳೆ ಎಲೆಯ ತುಂಡು ಇಟ್ಟು ಕಟ್ಟಿ. ಬಿಸಿ ಇರುವಾಗ ಕಟ್ಟಿದರೆ ಸೊಲ್ಲಾಪುರದ ಚಾದರದ ಹಾಗೆ ಒಂದಕ್ಕೊಂದು ಅಂಟಿಕೊಂಡು ಮಡಿಕೆ ಬಿಡುವುದಿಲ್ಲ.